ಮಾರ್ಚ್ ಕೊನೆಗೆ ಅಪ್ಪ-ಅಮ್ಮನ ಜೊತೆ ನೆದರ್ಲೆಂಡ್ಸ್: ಚಳಿ ಎಷ್ಟು, ಹೂವು ಎಷ್ಟು?

ಹಾಸನದವಳು

ಎಲ್ಲರಿಗೂ ನಮಸ್ಕಾರ. ತಮ್ಮ ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ ಕೆಲಸದಲ್ಲಿದ್ದಾನೆ. ಯುಗಾದಿ ಮುಗಿಸಿಕೊಂಡು ಮಾರ್ಚ್ 21ಕ್ಕೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೊರಡುವ ಯೋಚನೆ ಇದೆ. ಮೂರು ವಾರ ಇರುತ್ತೇವೆ. ಅಪ್ಪನಿಗೆ 68, ಅಮ್ಮನಿಗೆ 63. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ಅಪ್ಪನಿಗೆ ಬಿಪಿ ಮಾತ್ರೆ ಇದೆ, ಅಮ್ಮನಿಗೆ ಮಂಡಿ ನೋವು.

ಟುಲಿಪ್ ತೋಟ ನೋಡಬೇಕು ಅನ್ನೋದು ಅಮ್ಮನ ಆಸೆ. ನಾಲ್ಕು ದಿನ ಸ್ವಿಟ್ಜರ್ಲೆಂಡ್‌ಗೂ ಹೋಗಿಬರೋಣ ಅಂತ ತಮ್ಮ ಹೇಳುತ್ತಿದ್ದಾನೆ. ನಮ್ಮಲ್ಲಿ ಮಾರ್ಚ್ ಅಂದರೆ ಆಗಲೇ ಫ್ಯಾನ್ ಹಾಕಿಕೊಂಡು ಮಲಗುವ ಕಾಲ. ಅಲ್ಲಿ ಹೇಗಿರುತ್ತದೆ? ಸ್ವೆಟರ್ ಸಾಕಾ, ದೊಡ್ಡ ಜಾಕೆಟ್ಟೇ ಬೇಕಾ? ಹೂವು ಬಿಟ್ಟಿರುತ್ತವಾ? ಅಲ್ಲೇ ಇರುವವರು, ಹೋಗಿಬಂದವರು ದಯವಿಟ್ಟು ಹೇಳಿ.

ಕಾಲುವೆ_ದಂಡೆ

ನಾನು ಉಟ್ರೆಕ್ಟ್ ಹತ್ತಿರ ಇದ್ದೇನೆ. ಮೊದಲು ಚಳಿಯ ವಿಷಯ. ಮಾರ್ಚ್ ಕೊನೆಯಲ್ಲಿ ಹಗಲು 10 ಡಿಗ್ರಿ ಆಸುಪಾಸು, ಬೆಳಗಿನ ಜಾವ 2-3 ಡಿಗ್ರಿ. ಒಂದೊಂದು ದಿನ 15-16ಕ್ಕೆ ಏರುತ್ತದೆ. ಒಂದೊಂದು ರಾತ್ರಿ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಆದರೆ ಬರೀ ಡಿಗ್ರಿ ನೋಡಿ ಬಟ್ಟೆ ಜೋಡಿಸಬೇಡಿ. ಇಲ್ಲಿ ಕಾಡುವುದು ಗಾಳಿ. ಊರೆಲ್ಲ ಸಮತಟ್ಟು, ತಡೆಯೋಕೆ ಒಂದು ಗುಡ್ಡ ಇಲ್ಲ, ಸಮುದ್ರದ ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. 9 ಡಿಗ್ರಿ ಅಂತ ಫೋನ್ ತೋರಿಸುತ್ತಿರುತ್ತದೆ, ಮೈಗೆ 4-5 ಅನ್ನಿಸುತ್ತದೆ. ಒಂದೇ ಮಧ್ಯಾಹ್ನದಲ್ಲಿ ಬಿಸಿಲು, ಜಡಿಮಳೆ, ಆಲಿಕಲ್ಲು ಮೂರೂ ಬಂದು ಹೋಗುವುದು ಮಾಮೂಲು.

ದಪ್ಪ ಸ್ವೆಟರ್ ಒಂದನ್ನೇ ನಂಬಬೇಡಿ. ಒಳಗೆ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿ-ಮಳೆ ಎರಡನ್ನೂ ತಡೆಯುವ, ಟೋಪಿ ಇರುವ ಜಾಕೆಟ್. ಟ್ರೈನ್ ಒಳಗೆ, ಅಂಗಡಿ ಒಳಗೆ ಹೀಟರ್ ಇರುತ್ತದೆ, ಆಗ ಒಂದೊಂದೇ ಬಿಚ್ಚಬಹುದು. ಕೊಡೆ ತರುವ ಅಗತ್ಯ ಇಲ್ಲ, ಮೊದಲ ಗಾಳಿಗೇ ಕಡ್ಡಿ ಮುರಿಯುತ್ತದೆ. ಅಪ್ಪನಿಗೆ ಮಂಕಿ ಕ್ಯಾಪ್ ಇದ್ದರೆ ಖಂಡಿತ ತನ್ನಿ, ಯಾರೂ ತಿರುಗಿ ನೋಡುವುದಿಲ್ಲ.

ಅಮ್ಮ ಸೀರೆ ಉಡುವವರಾ? ಹಾಗಿದ್ದರೆ ಇದನ್ನು ಗಮನಿಸಿ. ನಮ್ಮ ಅತ್ತೆ ಬಂದಾಗ ಮೊದಲ ದಿನ ಸೀರೆ ಉಟ್ಟೇ ಪೇಟೆಗೆ ಬಂದರು. ಮಳೆ ನೀರಿಗೆ ನೆರಿಗೆಯ ಅಂಚು ಒಂದು ಗೇಣು ಒದ್ದೆಯಾಯಿತು. ಆ ಒದ್ದೆ ಅಂಚು ಕಾಲಿಗೆ ಅಂಟಿಕೊಂಡು, ಅದಕ್ಕೆ ಗಾಳಿ ಬಡಿದು, ಮನೆ ಮುಟ್ಟುವ ತನಕ ನಡುಗುತ್ತಿದ್ದರು. ಮಾರನೇ ದಿನದಿಂದ ಹೊರಗೆ ಹೋಗುವಾಗ ಥರ್ಮಲ್ ಪ್ಯಾಂಟ್ ಮೇಲೆ ಚೂಡಿದಾರ್, ಮನೆಯಲ್ಲಿ ಸೀರೆ. ಚಪ್ಪಲಿ ಬೇಡವೇ ಬೇಡ. ನೀರು ಒಳಗೆ ಬರದ ಶೂ, ಉಣ್ಣೆ ಕಾಲುಚೀಲ. ಶೂ ಮಾತ್ರ ಅಲ್ಲೇ ಕೊಂಡು, ಎರಡು ವಾರ ಹಾಕಿ ನಡೆದು, ಕಾಲಿಗೆ ಹೊಂದಿಸಿಕೊಂಡೇ ಬರಲಿ.

ಪುತ್ತೂರು_ಪಯಣಿಗ

ಹೂವಿನ ಬಗ್ಗೆ ನಾನು ಹೇಳುತ್ತೇನೆ. ಕೊಯ್ಕನ್‌ಹೋಫ್ ತೋಟ 2026ರಲ್ಲಿ ಮಾರ್ಚ್ 19ಕ್ಕೆ, ಸರಿಯಾಗಿ ಯುಗಾದಿ ದಿನವೇ ತೆರೆಯುತ್ತದೆ. ಮೇ 10ರ ತನಕ ಇರುತ್ತದೆ. ವರ್ಷಕ್ಕೆ ಆ ಎಂಟು ವಾರ ಮಾತ್ರ. ನಾವು ಹೋಗಿದ್ದು ಮಾರ್ಚ್ ಕೊನೆಯ ವಾರದಲ್ಲಿ. ಹೊರಗಡೆ ಹಳದಿ ಡ್ಯಾಫೊಡಿಲ್, ನೆಲಕ್ಕಂಟಿದ ಕ್ರೋಕಸ್, ಘಮ್ಮೆನ್ನುವ ಹಯಸಿಂತ್ ಬೇಕಾದಷ್ಟು ಇದ್ದವು. ಟುಲಿಪ್ ಬಯಲಲ್ಲಿ ಅಲ್ಲೊಂದು ಇಲ್ಲೊಂದು. ಆದರೆ ವಿಲ್ಲೆಮ್-ಅಲೆಕ್ಸಾಂಡರ್ ಅನ್ನುವ ಗಾಜಿನ ಮನೆಯೊಳಗೆ ನೂರಾರು ಬಗೆಯ ಟುಲಿಪ್ ಅರಳಿದ್ದವು. ಇನ್ನೊಂದು ಕಡೆ ಆರ್ಕಿಡ್ ಇತ್ತು. ಮಳೆ ಬಂದಾಗ ಒಳಗೆ, ಬಿಸಿಲು ಬಂದಾಗ ಹೊರಗೆ ಅಂತ ಇಡೀ ದಿನ ಕಳೆದೆವು. ನಿರಾಸೆ ಆಗಲಿಲ್ಲ.

ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ, ಒಳಗೆ ಹೋಗುವ ಹೊತ್ತನ್ನೂ ಆಗಲೇ ಆರಿಸಬೇಕು. ಸ್ಕಿಪೋಲ್ ವಿಮಾನ ನಿಲ್ದಾಣದಿಂದಲೇ ನೇರ ಬಸ್ ಇದೆ. ನಿಮ್ಮ ತಮ್ಮನ ಊರಿಗೆ ಸ್ಕಿಪೋಲ್ ಪಕ್ಕದಲ್ಲೇ.

ಕಾಲುವೆ_ದಂಡೆ

ಪುತ್ತೂರಿನವರು ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸಲೇಬೇಕು. ಫೋಟೊಗಳಲ್ಲಿ ಕೆಂಪು-ಹಳದಿ ಪಟ್ಟೆ ಪಟ್ಟೆಯಾಗಿ ಕಾಣುತ್ತದಲ್ಲ, ಅದು ಕೊಯ್ಕನ್‌ಹೋಫ್ ಅಲ್ಲ. ಅದು ರೈತರ ಹೊಲ. ಲಿಸ್ಸೆ, ಹಿಲ್ಲೆಖೋಮ್, ನೋರ್ಡ್‌ವೈಕರ್‌ಹೌಟ್ ಊರುಗಳ ಸುತ್ತ ಇರುವುದು. ಅಲ್ಲಿ ಟುಲಿಪ್ ಮೈತುಂಬಿ ನಿಲ್ಲುವುದು ಸಾಮಾನ್ಯವಾಗಿ ಏಪ್ರಿಲ್ ಮಧ್ಯದಲ್ಲಿ. ಮಾರ್ಚ್ ಕೊನೆಗೆ ಹೋದರೆ ಹಸಿರು ಎಲೆ, ಮಣ್ಣು, ನಡುವೆ ಒಂದಷ್ಟು ಡ್ಯಾಫೊಡಿಲ್. ಚಳಿ ಹೆಚ್ಚಾದ ವರ್ಷ ಇನ್ನೂ ತಡ.

ತೋಟದಲ್ಲಿ ಸುಮಾರು 70 ಲಕ್ಷ ಗೆಡ್ಡೆಗಳನ್ನು ಹಿಂದಿನ ಚಳಿಗಾಲಕ್ಕೆ ಮುಂಚೆ ಕೈಯಲ್ಲೇ ನೆಡುತ್ತಾರೆ. ತಡವಾಗಿ ಬಿಡುವ ಟುಲಿಪ್ ಆಳದಲ್ಲಿ, ಬೇಗ ಬಿಡುವ ಕ್ರೋಕಸ್ ಮೇಲೆ, ಹೀಗೆ ಒಂದರ ಮೇಲೊಂದು. ಅದಕ್ಕೇ ಎಂಟು ವಾರವೂ ಏನಾದರೊಂದು ಅರಳಿರುತ್ತದೆ. ಹೊಲದ ಲೆಕ್ಕವೇ ಬೇರೆ. ರೈತ ಬೆಳೆಯುವುದು ಗೆಡ್ಡೆಗಾಗಿ, ಹೂವಿಗಲ್ಲ. ಹೂವು ಬಿಟ್ಟು, ಬಣ್ಣ-ಜಾತಿ ಸರಿ ಇದೆಯಾ, ರೋಗ ಇದೆಯಾ ಅಂತ ನೋಡಿದ ಮೇಲೆ ಯಂತ್ರ ಬಿಟ್ಟು ತಲೆ ಕತ್ತರಿಸಿಬಿಡುತ್ತಾನೆ. ಗಿಡದ ಸತ್ವವೆಲ್ಲ ಗೆಡ್ಡೆಗೆ ಇಳಿಯಲಿ ಅಂತ. ಇವತ್ತು ಕೆಂಪಗಿದ್ದ ಹೊಲ ನಾಳೆ ಹಸಿರು ಕಡ್ಡಿ ಆಗಿರುತ್ತದೆ, ಪಕ್ಕದಲ್ಲಿ ಹೂದಳದ ರಾಶಿ. ಮೊದಲ ಸಲ ನೋಡಿದಾಗ ನನಗೆ ಹೊಟ್ಟೆ ಉರಿದುಹೋಯಿತು.

ಇನ್ನೊಂದು ವಿನಂತಿ. ಫೋಟೊಗಾಗಿ ಹೊಲದೊಳಗೆ ಕಾಲಿಡಬೇಡಿ. ಶೂಗೆ ಅಂಟಿದ ಮಣ್ಣಿನಲ್ಲಿ ರೋಗ ಹರಡುತ್ತದೆ, ಗೆಡ್ಡೆ ತುಳಿತಕ್ಕೆ ಹಾಳಾಗುತ್ತದೆ. ನಮ್ಮವರೇ ಸಾಲಿನ ನಡುವೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯುವುದನ್ನು ನೋಡಿ ಬೇಜಾರಾಗಿದೆ. ರಸ್ತೆ ಬದಿಯಿಂದಲೇ ಚೆನ್ನಾಗಿ ಕಾಣುತ್ತದೆ.

ನಿವೃತ್ತ_ಮೇಷ್ಟ್ರು

ಎಲ್ಲರೂ ಏಪ್ರಿಲ್ ಏಪ್ರಿಲ್ ಅನ್ನುತ್ತಿದ್ದೀರಿ. ನಾನೂ ನನ್ನ ಹೆಂಡತಿಯೂ ಮಗಳ ಮನೆಗೆ ಹೋಗಿದ್ದು ಮಾರ್ಚ್ ಮಧ್ಯದಲ್ಲಿ. ವಯಸ್ಸಾದವರಿಗೆ ಆ ಕಾಲವೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಯಾಕೆ ಹೇಳುತ್ತೇನೆ ಕೇಳಿ.

ಒಂದನೆಯದು, ಜನ ಕಡಿಮೆ. ವ್ಯಾನ್ ಗೋ ಮ್ಯೂಸಿಯಂನಲ್ಲಿ ಒಂದೊಂದು ಚಿತ್ರದ ಮುಂದೆ ಬೇಕಾದಷ್ಟು ಹೊತ್ತು ನಿಂತೆವು, ಹಿಂದಿನಿಂದ ಯಾರೂ ದೂಡಲಿಲ್ಲ. ಇನ್ನೊಂದು, ಬೆಳಕು. ಮಾರ್ಚ್ ಕೊನೆಯಲ್ಲಿ ಅಲ್ಲಿ ದಿನಕ್ಕೆ ಸುಮಾರು ನಾಲ್ಕು ನಿಮಿಷದಂತೆ ಹಗಲು ಬೆಳೆಯುತ್ತದೆ. ವಾರಕ್ಕೆ ಹತ್ತಿರ ಹತ್ತಿರ ಅರ್ಧ ಗಂಟೆ! ನಮ್ಮ ಕಡೆ ವರ್ಷವಿಡೀ ಹಗಲು-ರಾತ್ರಿ ಹೆಚ್ಚು ಬದಲಾಗುವುದೇ ಇಲ್ಲ. ಅಲ್ಲಿ ಅದು ಕಣ್ಣೆದುರೇ ನಡೆಯುತ್ತದೆ. ನಾಲ್ಕು ತಿಂಗಳು ಮೋಡದಡಿ ಇದ್ದ ಜನ ಒಂದು ಗಂಟೆ ಬಿಸಿಲು ಬಂದರೆ ಸಾಕು, ಜಾಕೆಟ್ ಹಾಕಿಕೊಂಡೇ ಹೋಟೆಲ್ ಹೊರಗಿನ ಕುರ್ಚಿಗಳಲ್ಲಿ ಮುಖ ಮೇಲೆ ಮಾಡಿ ಕೂರುತ್ತಾರೆ. ಹುಲ್ಲುಗಾವಲಿನಲ್ಲಿ ಆಗಷ್ಟೇ ಹುಟ್ಟಿದ ಕುರಿಮರಿಗಳು. ಎಲೆ ಇಲ್ಲದ ಕೊಂಬೆ ತುಂಬ ಮ್ಯಾಗ್ನೋಲಿಯಾ. ಇದನ್ನೆಲ್ಲ ಏಪ್ರಿಲ್ ಕೊನೆಗೆ ಹೋದವರು ನೋಡುವುದಿಲ್ಲ.

ಆಮ್‌ಸ್ಟೆಲ್‌ವೇನ್‌ನವರಿಗೆ ಇನ್ನೊಂದು ಇದೆ. ಪಕ್ಕದ ಆಮ್‌ಸ್ಟರ್‌ಡಾಮ್ಸೆ ಬೋಸ್ ಕಾಡಿನಲ್ಲಿ ಚೆರಿ ಹೂವಿನ ತೋಪಿದೆ. ಜಪಾನಿ ಮಹಿಳಾ ಸಂಘದವರು 2000ದಲ್ಲಿ ಕೊಟ್ಟ 400 ಮರಗಳು. ಅರ್ಧದಷ್ಟಕ್ಕೆ ಜಪಾನಿ ಹೆಂಗಸರ ಹೆಸರು, ಉಳಿದರ್ಧಕ್ಕೆ ಡಚ್ ಹೆಂಗಸರ ಹೆಸರು. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರಗಳಲ್ಲಿ ಅರಳುತ್ತವೆ. ಟಿಕೆಟ್ ಇಲ್ಲ.

ಕಾಲುವೆ_ದಂಡೆ

ಮೇಷ್ಟ್ರೇ, ಬೆಳಕಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಇಲ್ಲಿ ಇರುವವರಿಗೆ ಮಾರ್ಚ್ ಅಂದರೆ ಅದೇ. ಆದರೆ ಅವರ ಅಮ್ಮನ ಆಸೆ ಟುಲಿಪ್ ಹೊಲ. ಮಂಡಿ ನೋವಿರುವವರು ಮತ್ತೆ ಇಷ್ಟು ದೂರ ಯಾವಾಗ ಬರುತ್ತಾರೋ. ಎರಡು ವಾರ ಮುಂದೆ ಹಾಕಿದರೆ ಅದು ಸಿಗುತ್ತದೆ ಅಂದರೆ ಹಾಕುವುದೇ ಮೇಲು.

ಆಲ್ಪ್ಸ್_ತಪ್ಪಲು

ಬರ್ನ್‌ನಿಂದ ನಮಸ್ಕಾರ. ಸ್ವಿಟ್ಜರ್ಲೆಂಡ್ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮನಸ್ಸಿನಲ್ಲಿ ಹಸಿರು ಹುಲ್ಲು, ಗಂಟೆ ಕಟ್ಟಿದ ಹಸು, ಹಿಂದೆ ಹಿಮದ ಬೆಟ್ಟ ಇದ್ದರೆ ಅದು ಜೂನ್‌ನಿಂದ ಸೆಪ್ಟೆಂಬರ್. ಮಾರ್ಚ್ ಕೊನೆ, ಏಪ್ರಿಲ್ ಅಂದರೆ ಎರಡೂ ಅಲ್ಲದ ಕಾಲ. ಮೇಲೆ ಇನ್ನೂ ಹಿಮ, ಕೆಳಗೆ ಕಣಿವೆಯಲ್ಲಿ ಹೋದ ವರ್ಷದ ಒಣಗಿದ ಕಂದು ಹುಲ್ಲು, ಕೆಸರು. ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಘಾಟಿ ರಸ್ತೆಗಳು ಹಿಮದಿಂದ ಮುಚ್ಚಿರುತ್ತವೆ. ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ಗೆ ತೆರೆಯುತ್ತಾರೆ. ಏಪ್ರಿಲ್‌ನಲ್ಲಿ ಸ್ಕೀ ಜನ ಹೋದ ಮೇಲೆ ಬೆಟ್ಟದೂರುಗಳಲ್ಲಿ ಹೋಟೆಲ್‌ಗಳು ಬಾಗಿಲು ಹಾಕಿ ರಜೆ ಮಾಡುತ್ತವೆ, ಕೇಬಲ್ ಕಾರ್‌ಗಳನ್ನು ರಿಪೇರಿಗೆ ನಿಲ್ಲಿಸುತ್ತಾರೆ. ಸರೋವರದ ದೋಣಿಗಳೂ ಕಡಿಮೆ.

ಟ್ರೈನ್‌ನಲ್ಲೇ ಹಿಮದ ಬೆಟ್ಟದ ಮೇಲಕ್ಕೆ ಹೋಗುವ ಯುಂಗ್‌ಫ್ರಾವ್‌ಯೊಖ್ ವರ್ಷಪೂರ್ತಿ ತೆರೆದಿರುತ್ತದೆ, ಅದು ನಿಜ. ಆದರೆ 3,454 ಮೀಟರ್ ಎತ್ತರ. ಬಿಪಿ ಇರುವವರು ಮೊದಲು ತಮ್ಮ ಡಾಕ್ಟರನ್ನು ಕೇಳಿಯೇ ಹೋಗಬೇಕು. ಮೇಲೆ ಮೋಡ ಕವಿದರೆ ಬಿಳಿ ಗೋಡೆ ಬಿಟ್ಟು ಏನೂ ಕಾಣದು, ಟಿಕೆಟ್ ದುಡ್ಡು ಮಾತ್ರ ಅಷ್ಟೇ ಕೊಡಬೇಕು. ನಾಲ್ಕು ದಿನಕ್ಕಾಗಿ ಅಷ್ಟು ದೂರ ಓಡಿಬರುವ ಬದಲು ಸ್ವಿಟ್ಜರ್ಲೆಂಡನ್ನು ಇನ್ನೊಂದು ಬೇಸಿಗೆಗೆ ಇಟ್ಟುಕೊಳ್ಳಿ. ಬೆಚ್ಚಗಿನ ಜಾಗ ಬೇಕೆಂದರೆ ದಕ್ಷಿಣಕ್ಕೆ ಹೋಗಿ. ಸ್ಪೇನ್‌ನ ಸೆವಿಯಾದಲ್ಲಿ ಮಾರ್ಚ್‌ನಲ್ಲೇ ಹಗಲು 20 ಡಿಗ್ರಿ ದಾಟುತ್ತದೆ, ರಸ್ತೆ ಬದಿಯ ಕಹಿ ಕಿತ್ತಳೆ ಮರಗಳು ಹೂ ಬಿಟ್ಟು ಊರೆಲ್ಲ ಪರಿಮಳ. ಈಸ್ಟರ್ ಹಿಂದಿನ ವಾರ ಮಾತ್ರ ಅಲ್ಲಿ ದೊಡ್ಡ ಮೆರವಣಿಗೆಗಳು, ರೂಮ್ ಬಾಡಿಗೆ ಆಕಾಶಕ್ಕೆ.

ಧಾರವಾಡ_ಮಳೆ

ಯಾರೂ ಗಡಿಯಾರದ ಮಾತೇ ಎತ್ತಿಲ್ಲವಲ್ರಿ! ಯೂರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. 2026ರಲ್ಲಿ ಅದು ಮಾರ್ಚ್ 29. ರಾತ್ರಿ 2 ಗಂಟೆ ಆಗುತ್ತಿದ್ದಂತೆ 3 ಗಂಟೆ. ಫೋನ್ ತಾನೇ ಬದಲಾಗುತ್ತದೆ, ಅಪ್ಪನ ಕೈಗಡಿಯಾರ ಬದಲಾಗುವುದಿಲ್ಲ. ಆ ಭಾನುವಾರ ಬೆಳಗ್ಗೆ ಟ್ರೈನ್ ಅಥವಾ ವಿಮಾನ ಇದ್ದರೆ ಹಿಂದಿನ ರಾತ್ರಿಯೇ ಸರಿ ಮಾಡಿಕೊಳ್ಳಿ. ನಮ್ಮ ದೇಶಕ್ಕೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ ಇದ್ದದ್ದು ಮೂರೂವರೆ ಆಗುತ್ತದೆ. ಊರಿಗೆ ಫೋನ್ ಮಾಡುವಾಗ, ಹೊತ್ತು ನೋಡಿ ಮಾತ್ರೆ ತೆಗೆದುಕೊಳ್ಳುವಾಗ ಇದು ನೆನಪಿರಲಿ. ಲಾಭವೂ ಇದೆ. ಬದಲಾದ ಮೇಲೆ ಸಂಜೆ 8ರ ತನಕ ಬೆಳಕಿರುತ್ತದೆ.

ಹಾಗೆಯೇ 2026ರಲ್ಲಿ ಏಪ್ರಿಲ್ 3 ಗುಡ್ ಫ್ರೈಡೇ, 5 ಈಸ್ಟರ್, 6 ಈಸ್ಟರ್ ಸೋಮವಾರ. ಜರ್ಮನಿಗೆ ಹೋಗುವವರಿದ್ದರೆ ಆ ದಿನಗಳಲ್ಲಿ, ಮತ್ತೆ ಪ್ರತಿ ಭಾನುವಾರವೂ, ಸೂಪರ್ ಮಾರ್ಕೆಟ್ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದ ಅಂಗಡಿಗಳೇ ಗತಿ. ಹಾಲು, ಮೊಸರು ಮುಂಚೆಯೇ ತಂದಿಟ್ಟುಕೊಳ್ಳಬೇಕು.

ಮದ್ದೂರು_ವಡೆ

ಬ್ಯಾಗಿನಲ್ಲಿ ಏನು ಒಯ್ಯಬಹುದು ಅನ್ನೋದು ನನ್ನ ಇಷ್ಟದ ವಿಷಯ. ಹೊರಗಿನ ದೇಶಗಳಿಂದ ಮಾಂಸ, ಹಾಲು ಮತ್ತು ಹಾಲಿನ ಪದಾರ್ಥ ತರುವುದನ್ನು ಯೂರೋಪಿನ ಒಕ್ಕೂಟ ನಿಷೇಧಿಸಿದೆ. ಅಂದರೆ ಊರ ತುಪ್ಪ ಇಲ್ಲ, ಧಾರವಾಡ ಪೇಡ ಇಲ್ಲ, ಪನೀರ್ ಇಲ್ಲ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಕಾಯಿಗೂ ಸಸ್ಯ ಪ್ರಮಾಣಪತ್ರ ಬೇಕು, ನಮ್ಮಂಥವರು ಅದನ್ನು ಮಾಡಿಸುವುದಿಲ್ಲ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಅವಲಕ್ಕಿ, ಉಪ್ಪಿನಕಾಯಿ ಧಾರಾಳವಾಗಿ ಒಯ್ಯಿರಿ. ಪುಡಿಗಳ ಮೇಲೆ ಹೆಸರು ಬರೆದ ಚೀಟಿ ಅಂಟಿಸಿ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ.

ಅಲ್ಲಿ ತಿನ್ನುವುದಕ್ಕೆ ತೊಂದರೆ ಇಲ್ಲ. ಆದರೆ ಅಮ್ಮ ಕಟ್ಟಾ ಸಸ್ಯಾಹಾರಿ ಆಗಿದ್ದರೆ ಎರಡು ವಿಷಯ. ತರಕಾರಿ ಸೂಪ್ ಅಂದರೂ ಕೆಲವು ಕಡೆ ಮಾಂಸದ ರಸದಲ್ಲಿ ಮಾಡಿರುತ್ತಾರೆ, ಕೇಳಿಯೇ ತಗೊಳ್ಳಿ. ಇನ್ನು ಗೌಡಾ ಚೀಸ್. ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಹಾಕುವುದು ಹಳೆಯ ಪದ್ಧತಿ. ಪೊಟ್ಟಣದ ಮೇಲೆ ‘ವೆಗೆಟಾರಿಸ್ ಸ್ಟ್ರೆಮ್ಸೆಲ್’ ಅಂತ ಇದ್ದರೆ ಅದು ಸಸ್ಯಾಹಾರಿಗಳಿಗೆ ನಡೆಯುತ್ತದೆ.

ಒಂದು ದಿನ ಹೇಗ್‌ಗೆ ಹೋಗಿ. ಸುರಿನಾಮ್‌ನಿಂದ ಬಂದ ಹಿಂದೂಸ್ತಾನಿ ಜನ ಅಲ್ಲಿ ತುಂಬ ಇದ್ದಾರೆ, ಅವರ ಪೂರ್ವಜರು ಬ್ರಿಟಿಷರ ಕಾಲದಲ್ಲಿ ಕೂಲಿಗಳಾಗಿ ಹೋದವರು. ಅವರ ಅಂಗಡಿಗಳಲ್ಲಿ ಸೋರೆ, ಹಾಗಲ, ಅಲಸಂದೆಕಾಯಿ ಎಲ್ಲ ಸಿಗುತ್ತದೆ. ಆಲೂಗಡ್ಡೆ-ಅಲಸಂದೆಕಾಯಿ ಪಲ್ಯದ ರೋಟಿ ಬಿಸಿಬಿಸಿಯಾಗಿ ತಿಂದರೆ ಆ ಚಳಿಗೆ ಹೇಳಿಮಾಡಿಸಿದ ಊಟ.

ಸ್ಟೆತಸ್ಕೋಪು

ನಾನು ವೈದ್ಯ, ಶಿವಮೊಗ್ಗದಲ್ಲಿ. ತಂದೆಯವರ ಬಿಪಿ ಮಾತ್ರೆ ಇಡೀ ಪ್ರಯಾಣಕ್ಕೆ ಆಗುವಷ್ಟು, ಮೇಲೆ ಒಂದು ವಾರದ್ದು ಜಾಸ್ತಿ ಇರಲಿ. ಅರ್ಧ ಕೈಚೀಲದಲ್ಲಿ, ಅರ್ಧ ದೊಡ್ಡ ಬ್ಯಾಗಿನಲ್ಲಿ. ಔಷಧದ ಮೂಲ ಹೆಸರು ಬರೆದ ಚೀಟಿ ಜೊತೆಗಿರಲಿ, ಇಲ್ಲಿಯ ಬ್ರ್ಯಾಂಡ್ ಹೆಸರು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಹೀಟರ್ ಹಾಕಿದ ಮನೆಯ ಗಾಳಿ ತುಂಬ ಒಣ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರುಕು ಬಿಡುತ್ತದೆ, ಕೆಲವರಿಗೆ ಮೂಗಿನಲ್ಲಿ ರಕ್ತವೂ ಬರಬಹುದು. ಚಳಿಗೆ ಬಾಯಾರಿಕೆ ಆಗುವುದಿಲ್ಲ, ಹಾಗಾಗಿ ವಯಸ್ಸಾದವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಮೇಲೆ ತಲೆ ಸುತ್ತು. ಗಂಟೆಗೊಮ್ಮೆ ನೆನಪಿಸಿ. ಅಲರ್ಜಿ ಇದ್ದವರಿಗೆ ಏಪ್ರಿಲ್‌ನಲ್ಲಿ ಬರ್ಚ್ ಮರದ ಪರಾಗ ಕಾಡುತ್ತದೆ. ಸೀನು, ಕಣ್ಣುರಿ ಶುರುವಾದರೆ ನೆಗಡಿ ಅಂತ ಸುಮ್ನೆ ಬಿಡಬೇಡಿ, ಅಲರ್ಜಿ ಮಾತ್ರೆ ಮೊದಲೇ ಕೇಳಿ ಬರೆಸಿಕೊಳ್ಳಿ.

ಕಾಲುವೆ_ದಂಡೆ

ಡಾಕ್ಟರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಹಿಮ್ಮಡಿಗೆ ಅಂತ ಎಲ್ಲರೂ ಕೊಬ್ಬರಿ ಎಣ್ಣೆ ತರುತ್ತಾರೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಇಲ್ಲಿನ ಮನೆಗಳು 19-20 ಡಿಗ್ರಿ. ಸಣ್ಣ ಬಾಯಿಯ ಬಾಟಲಿಯಿಂದ ಹೊರಗೇ ಬರುವುದಿಲ್ಲ, ಬೆರಳೂ ಹೋಗುವುದಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ತನ್ನಿ.

ಮಂಡಿ ನೋವಿನ ಬಗ್ಗೆಯೂ ಹೇಳಬೇಕು. ಇಲ್ಲಿಯ ಹಳೇ ಮನೆಗಳ ಮೆಟ್ಟಿಲು ಏಣಿ ಇದ್ದ ಹಾಗೆ. ಪಾದ ಪೂರ್ತಿ ಊರೋಕೆ ಜಾಗ ಇರುವುದಿಲ್ಲ. ಇಳಿಯುವಾಗ ಅಡ್ಡಡ್ಡ ಕಾಲಿಟ್ಟು, ಕಂಬಿ ಹಿಡಿದು ಇಳಿಯಬೇಕು. ತಮ್ಮನ ಮನೆಯಲ್ಲಿ ಮಲಗುವ ಕೋಣೆ ಮಹಡಿ ಮೇಲಾ, ಲಿಫ್ಟ್ ಇದೆಯಾ ಈಗಲೇ ಕೇಳಿಕೊಳ್ಳಿ. ಆ್ಯನ್ ಫ್ರಾಂಕ್ ಮನೆಯಲ್ಲೂ ಇದೇ ಥರದ ಕಡಿದಾದ ಮೆಟ್ಟಿಲು. ಅಮ್ಮನಿಗೆ ಕಷ್ಟ. ನೀವು ಹೋಗುವುದಾದರೆ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ. ಪ್ರತಿ ಮಂಗಳವಾರ, ಆರು ವಾರ ಮುಂದಿನ ಟಿಕೆಟ್ ಬಿಡುತ್ತಾರೆ, ಬೇಗ ಖಾಲಿಯಾಗುತ್ತವೆ.

ಬಸ್, ಟ್ರಾಮ್, ಟ್ರೈನ್ ಎಲ್ಲಕ್ಕೂ ಬ್ಯಾಂಕ್ ಕಾರ್ಡ್ ತೋರಿಸಿ ಹತ್ತಬಹುದು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಅದೇ ಕಾರ್ಡ್. ಒಬ್ಬರಿಗೆ ಒಂದು ಕಾರ್ಡ್ ಬೇಕು. ಅಪ್ಪ, ಅಮ್ಮ ಇಬ್ಬರಿಗೂ ಬೇರೆ ಬೇರೆ ಫಾರೆಕ್ಸ್ ಕಾರ್ಡ್ ಮಾಡಿಸಿ. ಮಳೆಗೆ ಬೌಯನ್‌ರಾಡಾರ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಮುಂದಿನ ಎರಡು ಗಂಟೆಯಲ್ಲಿ ಮಳೆ ಯಾವಾಗ ಬಂದು ಯಾವಾಗ ನಿಲ್ಲುತ್ತದೆ ಅಂತ ತೋರಿಸುತ್ತದೆ. ಇಲ್ಲಿಯವರು ಅದನ್ನು ನೋಡದೆ ಸೈಕಲ್ ಹತ್ತುವುದಿಲ್ಲ.

ಹಾಸನದವಳು

ಎಷ್ಟೊಂದು ವಿಷಯ! ಎಲ್ಲರ ಬರಹವನ್ನೂ ನಿನ್ನೆ ರಾತ್ರಿ ಅಪ್ಪ-ಅಮ್ಮನಿಗೆ ಓದಿ ಹೇಳಿದೆ. ತಮ್ಮನ ಹತ್ತಿರವೂ ಮಾತಾಡಿದೆ. ಸ್ವಿಟ್ಜರ್ಲೆಂಡ್ ಬಿಟ್ಟೆವು. ಈಸ್ಟರ್ ಮುಗಿದ ಮೇಲೆ, ಏಪ್ರಿಲ್ 7ಕ್ಕೆ ಹೊರಟು 28ಕ್ಕೆ ವಾಪಸ್ ಅಂತ ಆಗಿದೆ. ತಮ್ಮನ ಮನೆಗೆ ಲಿಫ್ಟ್ ಇದೆಯಂತೆ, ಅಮ್ಮನಿಗೆ ಅದೇ ದೊಡ್ಡ ಸಮಾಧಾನ. ಮೇಷ್ಟ್ರು ಹೇಳಿದ ಚೆರಿ ತೋಪು ಆ ಹೊತ್ತಿಗೆ ಸಿಗುತ್ತದಾ? ವೀಸಾಕ್ಕೆ ಈಗ ಡಿಸೆಂಬರ್‌ನಲ್ಲೇ ಹಾಕಬಹುದಾ?

ಪುತ್ತೂರು_ಪಯಣಿಗ

ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಷೆಂಗೆನ್ ವೀಸಾಕ್ಕೆ (ಯೂರೋಪಿನ ಬಹುಪಾಲು ದೇಶಗಳಿಗೆ ನಡೆಯುವ ಒಂದೇ ವೀಸಾ) ಅರ್ಜಿ ಹಾಕಬಹುದು, ಹಾಗಾಗಿ ಈಗಲೇ ಹಾಕಿ. ಕೊನೆಗೆ ಅಂದರೆ 15 ದಿನ ಮುಂಚೆ, ಆದರೆ ಬೇಸಿಗೆ ರಜೆಯ ಹೊತ್ತಿಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಶುಲ್ಕ ದೊಡ್ಡವರಿಗೆ 90 ಯೂರೋ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ತಮ್ಮನ ಮನೆಯಲ್ಲೇ ಇರುವುದರಿಂದ, ಅವರು ಆಶ್ರಯ ಕೊಡುವ ಫಾರಂ ತುಂಬಿ, ಅಲ್ಲಿನ ಪುರಸಭೆಯಲ್ಲಿ ಸಹಿ ದೃಢೀಕರಿಸಿ, ಮೂಲ ಪ್ರತಿಯನ್ನೇ ನಿಮಗೆ ಕಳಿಸಬೇಕು. ಕೊರಿಯರ್‌ಗೆ ದಿನ ಹಿಡಿಯುತ್ತದೆ, ಅದನ್ನು ಮೊದಲು ಶುರು ಮಾಡಿಸಿ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಹೊಸ ನೋಂದಣಿ ಪದ್ಧತಿ ಬಂದಿದೆ, ಮೊದಲ ಸಲ ಹೋದವರ ಫೋಟೊ ತೆಗೆಯುತ್ತಾರೆ. ಸಾಲು ಉದ್ದ ಇರಬಹುದು. ಅಮ್ಮನಿಗೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ.

ಕಾಲುವೆ_ದಂಡೆ

ಚೆರಿ ತೋಪು 7-8ನೇ ತಾರೀಖಿಗೆ ಕೊನೆಯ ಹಂತದಲ್ಲಾದರೂ ಸಿಗಬಹುದು, ಬಂದ ಕೂಡಲೇ ಅದನ್ನೇ ಮೊದಲು ನೋಡಿ. ಹೊಲಗಳಿಗೆ 15ರಿಂದ 22ರ ನಡುವೆ ಒಂದು ಬಿಸಿಲಿನ ದಿನ ಆರಿಸಿ. ವಾರದ ನಡುವೆ ಹೋಗಿ, ಶನಿವಾರ-ಭಾನುವಾರ ರಸ್ತೆ ಜಾಮ್. ಆ ಹೊತ್ತಿಗೆ ಹಗಲು 14 ಡಿಗ್ರಿ ಸುಮಾರು. ಜಾಕೆಟ್ ಆಗಲೂ ಬೇಕು, ನೆನಪಿರಲಿ.

ಇನ್ನೊಂದು ಇದೆ, ನಿಮ್ಮ ಅಪ್ಪನಿಗೆ ಖಂಡಿತ ಇಷ್ಟವಾಗುತ್ತದೆ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿದ್ದ ಹಸುಗಳನ್ನು ಏಪ್ರಿಲ್ ಆಸುಪಾಸಿನಲ್ಲಿ ಮೊದಲ ಸಲ ಹುಲ್ಲಿಗೆ ಬಿಡುತ್ತಾರೆ. ಬಾಗಿಲು ತೆಗೆದ ಕೂಡಲೇ ದೊಡ್ಡ ದೊಡ್ಡ ಹಸುಗಳು ಹಿಂಗಾಲು ಝಾಡಿಸಿ, ಬಾಲ ಎತ್ತಿ, ಕರುವಿನಂತೆ ಕುಣಿಯುತ್ತವೆ. ಒಂದಕ್ಕೊಂದು ಢಿಕ್ಕಿ ಹೊಡೆದು, ಹುಲ್ಲಿನಲ್ಲಿ ಮೂತಿ ಉಜ್ಜುತ್ತವೆ. ಎಷ್ಟೋ ರೈತರು ಆ ದಿನ ಊರವರನ್ನೆಲ್ಲ ಕರೆಯುತ್ತಾರೆ. ‘ಕೂಯೆನ್‌ಡಾನ್ಸ್’ ಅಂತ ಹುಡುಕಿ ಹತ್ತಿರದ ಹಟ್ಟಿಯ ದಿನ ನೋಡಿಕೊಳ್ಳಲು ತಮ್ಮನಿಗೆ ಹೇಳಿ. 27 ಏಪ್ರಿಲ್ ರಾಜನ ಹುಟ್ಟುಹಬ್ಬ, ಆಮ್‌ಸ್ಟರ್‌ಡ್ಯಾಮ್ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮರುದಿನ ನಿಮ್ಮ ವಿಮಾನ, ಅವತ್ತು ಆಮ್‌ಸ್ಟೆಲ್‌ವೇನ್‌ನಲ್ಲೇ ಇರಿ. ಅಲ್ಲಿಯೂ ಮಕ್ಕಳು ರಸ್ತೆ ಬದಿಯಲ್ಲಿ ಹಳೇ ಆಟಿಕೆ ಹರವಿಕೊಂಡು ಮಾರುತ್ತಿರುತ್ತಾರೆ.

ಹಾಸನದವಳು

ಹಸು ವಿಷಯ ಕೇಳಿ ಅಪ್ಪ ಎದ್ದು ಕೂತರು, ಕಾಲುವೆ ದಂಡೆ ಅಕ್ಕ. ತಮ್ಮನಿಗೆ ಆಗಲೇ ಮೆಸೇಜ್ ಹೋಗಿದೆ. ಕೊನೆಯದೊಂದು ಪ್ರಶ್ನೆ ಅಮ್ಮನದು: ತೆಂಗಿನಕಾಯಿ ಒಯ್ಯಬಹುದಾ?

ಮದ್ದೂರು_ವಡೆ

ಒಯ್ಯಬಹುದು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ಪ್ರಮಾಣಪತ್ರ ಬೇಡ. ಆದರೆ ಆಮ್‌ಸ್ಟೆಲ್‌ವೇನ್‌ನ ಭಾರತೀಯ ಅಂಗಡಿಗಳಲ್ಲಿ ಕಾಯಿಯೂ ಸಿಗುತ್ತದೆ, ತುರಿದು ಫ್ರೀಜ್ ಮಾಡಿದ್ದೂ ಸಿಗುತ್ತದೆ. ಆ ತೂಕಕ್ಕೆ ಇನ್ನೆರಡು ಕೆಜಿ ಹುಳಿ ಪುಡಿ ಹಾಕಿಕೊಳ್ಳಿ ಅಂತ ಅಮ್ಮನಿಗೆ ಹೇಳಿ.